ಒಂದು ಮಗು, ನಾಲ್ಕು ಚೀಟಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ, ಜುಲೈ ತಿಂಗಳ ಒಂದು ಶನಿವಾರ, ಡಾಕ್ಟರಾಗಿ ನಾನು ಮಕ್ಕಳ ಅಲರ್ಜಿಯ ಬಗ್ಗೆ ಹೆತ್ತವರ ಮುಂದೆ ಆಡಿದ ಮಾತುಗಳಿವು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಕೊಡೆ ಹಿಡಿದು ಇಷ್ಟು ಮಂದಿ ಬಂದಿದ್ದೀರಿ. ಹಿಂದಿನ ಬೆಂಚಿನಿಂದ ಮಕ್ಕಳ ಕೆಮ್ಮೂ ಕೇಳುತ್ತಿದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕಳೆದ ವರ್ಷ ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ನಾಲ್ಕು ಚೀಟಿ. ಒಂದು ದಮ್ಮಿಗೆ. ಒಂದು ಮೂಗು ಕಟ್ಟುವುದಕ್ಕೆ. ಒಂದು ಮೊಣಕೈ ಮಡಿಕೆಯ ತುರಿಕೆಗೆ. ಇನ್ನೊಂದು ಕಣ್ಣು ಕೆಂಪಾಗುವುದಕ್ಕೆ. ನಾಲ್ಕು ಡಾಕ್ಟರು, ನಾಲ್ಕು ಊರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೂರು ಚೀಟಿಯಲ್ಲಿ ಒಂದೇ ಅಲರ್ಜಿ ಮಾತ್ರೆ ಬೇರೆ ಬೇರೆ ಕಂಪೆನಿಯ ಹೆಸರಿನಲ್ಲಿತ್ತು. ಆ ಅಮ್ಮ ಮೂರನ್ನೂ ಕೊಡುತ್ತಿದ್ದರು. ಹುಡುಗ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ.

"ಡಾಕ್ಟ್ರೇ, ಇವನಿಗೆ ಎಷ್ಟು ಕಾಯಿಲೆ?" ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. "ಅಮ್ಮಾ, ಕಾಯಿಲೆ ನಾಲ್ಕಲ್ಲ. ಒಂದೇ ಸ್ವಭಾವ ನಾಲ್ಕು ಕಡೆ ಕಾಣಿಸಿಕೊಳ್ಳುತ್ತಿದೆ" ಎಂದೆ. ಇವತ್ತು ನಿಮಗೆ ಹೇಳಬೇಕಾದ ಮಾತೂ ಅದೇ.

ನಮ್ಮ ಊರಿನಲ್ಲಿ ಈ ಚೀಟಿಗಳು ಚದುರಿ ಹೋಗುವುದು ಸುಲಭ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಆರೋಗ್ಯ ಕೇಂದ್ರದಲ್ಲಿ ಮಲಯಾಳ, ಮಂಗಳೂರಿನ ಆಸ್ಪತ್ರೆಯಲ್ಲಿ ಇಂಗ್ಲಿಷ್ ಚೀಟಿ. ನಾವು ದಮ್ಮು, ಉಬ್ಬಸ ಅನ್ನುತ್ತೇವೆ. ಮಲಯಾಳದಲ್ಲಿ ವಲಿವು, ಶ್ವಾಸಂಮುಟ್ಟ್. ಮಂಗಳೂರಿನ ಡಾಕ್ಟರು ಬರೆಯುವುದು ಆಸ್ತಮಾ. ಎಲ್ಲ ಒಂದೇ. ಆದರೆ ಕೆಲವು ಹೆತ್ತವರು "ದಮ್ಮು ಇತ್ತು, ಅದು ಹೋಯ್ತು, ಈಗಿರುವುದು ಆಸ್ತಮಾ" ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ತಪ್ಪು ಅವರದ್ದಲ್ಲ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳಿರಲಿಲ್ಲ.

ಈಗ ಅಲರ್ಜಿ ಅಂದರೆ ಏನು? ಆ ಪದವನ್ನು 1906ರಲ್ಲಿ ಮೊದಲು ಬಳಸಿದವರು ವಿಯೆನ್ನಾದ ಮಕ್ಕಳ ಡಾಕ್ಟರ್ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಕಾವಲು ಕಾಯುವ ಒಂದು ವ್ಯವಸ್ಥೆ ಇದೆ. ಕೆಲವು ಮಕ್ಕಳಲ್ಲಿ ಆ ಕಾವಲು ಧೂಳನ್ನೂ, ಮೊಟ್ಟೆಯನ್ನೂ, ಬೂಷ್ಟನ್ನೂ ಶತ್ರು ಎಂದುಕೊಳ್ಳುತ್ತದೆ. ಅದು ಬಳಸುವ ಆಯುಧದ ಹೆಸರು ಐಜಿಇ. 1960ರ ದಶಕದಲ್ಲಿ ಇಶಿಜಾಕಾ ದಂಪತಿ ಅಮೆರಿಕದಲ್ಲಿಯೂ, ಯೊಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲಿಯೂ ಇದನ್ನು ಕಂಡುಹಿಡಿದರು. ಈ ಐಜಿಇ ಒಂದೇ ಕಡೆ ಕುಳಿತಿರುವುದಿಲ್ಲ. ಮೂಗು, ಕಣ್ಣು, ಚರ್ಮ, ಹೊಟ್ಟೆ, ಶ್ವಾಸಕೋಶ, ಎಲ್ಲ ಕಡೆ ಇರುತ್ತದೆ. ಅದಕ್ಕೇ ಒಂದು ಕಡೆ ತೊಂದರೆ ಇರುವ ಮಗುವಿನಲ್ಲಿ ಇನ್ನೊಂದು ಕಡೆಯೂ ನೋಡಬೇಕು.

ಹೆಚ್ಚಾಗಿ ಇದು ಶುರುವಾಗುವುದು ಚರ್ಮದಿಂದ. ಮೂರ್ನಾಲ್ಕು ತಿಂಗಳ ಮಗುವಿನ ಕೆನ್ನೆ ಕೆಂಪಾಗಿ ಒರಟಾಗುತ್ತದೆ. ಆಮೇಲೆ ಮೊಣಕೈ, ಮಂಡಿಯ ಹಿಂದಿನ ಮಡಿಕೆ. ನಾವು ಕಜ್ಜಿ ಅನ್ನುತ್ತೇವೆ, ಡಾಕ್ಟರು ಎಕ್ಸಿಮಾ ಅನ್ನುತ್ತಾರೆ. ಇದು ಯಾರಿಂದಲೂ ಅಂಟುವುದಿಲ್ಲ. ಇಂಥ ಕೆಲವು ಮಕ್ಕಳಿಗೆ ಆಮೇಲೆ ಆಹಾರದ ಅಲರ್ಜಿ, ಶಾಲೆಗೆ ಹೋಗುವ ಹೊತ್ತಿಗೆ ಮೂಗು ಮತ್ತು ದಮ್ಮು ಬರಬಹುದು. ಕೆನ್ನೆ ಕೆಂಪಾದ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ತುಂಬ ಮಂದಿಗೆ ಅಲ್ಲಿಗೇ ನಿಲ್ಲುತ್ತದೆ.

ಚರ್ಮಕ್ಕೂ ಹೊಟ್ಟೆಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು, ಅಲ್ವಾ? ನಮ್ಮ ಹಂಚಿನ ಮಾಡನ್ನೇ ನೆನಪು ಮಾಡಿಕೊಳ್ಳಿ. ಎರಡು ಹಂಚು ಸರಿದರೆ ಸಾಕು, ಒಳಗೆ ಸೋರುತ್ತದೆ. ಚರ್ಮದಲ್ಲೂ ಹಾಗೆ ಜೋಡಿಸಿಟ್ಟ ಹಂಚುಗಳಿವೆ. ಅದನ್ನು ಬಿಗಿಯಾಗಿ ಇಡುವ ಫಿಲಾಗ್ರಿನ್ ಎಂಬ ವಸ್ತು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಇದು ಗೊತ್ತಾಯಿತು. ಹಂಚು ಸರಿದ ಚರ್ಮದ ಮೂಲಕ ಮೊಟ್ಟೆಯ, ನೆಲಗಡಲೆಯ ಕಣ ಒಳಗೆ ಹೋದರೆ ದೇಹ ಅದನ್ನು ಕಳ್ಳ ಎಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಕಣ ಬಾಯಿಯ ಮೂಲಕ, ಊಟದ ಹಾಗೆ ಹೋದರೆ ನೆಂಟ ಎಂದು ಒಪ್ಪಿಕೊಳ್ಳುತ್ತದೆ.

ಇದು ಬರೀ ಊಹೆಯಲ್ಲ. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಜೊತೆಯವರು 640 ಕೂಸುಗಳನ್ನು ಐದು ವರ್ಷದವರೆಗೆ ನೋಡಿಕೊಂಡರು. ಎಲ್ಲ ಜೋರು ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳು. ಅರ್ಧ ಮಂದಿಗೆ ಮೊದಲ ವರ್ಷದಲ್ಲೇ ನೆಲಗಡಲೆ ಕೊಡಲು ಶುರು ಮಾಡಿದರು. ಉಳಿದವರಿಗೆ ಕೊಡಲೇ ಇಲ್ಲ. 2015ರಲ್ಲಿ ಫಲ ಹೊರಬಂತು. ತಿಂದವರಲ್ಲಿ ನೆಲಗಡಲೆ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆ. ಅಲ್ಲಿಯವರೆಗೆ ಡಾಕ್ಟರುಗಳೇ "ಮೂರು ವರ್ಷದವರೆಗೆ ಕೊಡಬೇಡಿ" ಎನ್ನುತ್ತಿದ್ದ ಕಾಲ ಇತ್ತು. ಈಗ ಆ ಮಾತು ಬದಲಾಗಿದೆ. ಆರು ತಿಂಗಳ ಆಸುಪಾಸಿನಲ್ಲಿ, ಅಕ್ಕಿ ಸರಿಯ ಜೊತೆಗೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ನೆಲಗಡಲೆ ಸ್ವಲ್ಪ ಸ್ವಲ್ಪ ಕೊಡಬಹುದು. ಇಡೀ ಕಾಳು ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಕಜ್ಜಿ ಜೋರಾಗಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಮತ್ತೆ ಆ ಮಾಡನ್ನು ಮುಚ್ಚಬೇಕಲ್ಲ. ಅಜ್ಜಿಯಂದಿರು ಇಲ್ಲಿದ್ದೀರಿ, ಬೇಸರ ಮಾಡಬೇಡಿ. ಕೂಸಿಗೆ ಎಣ್ಣೆ ಹಚ್ಚಿ, ಬಚ್ಚಲಿನ ಹಂಡೆಯ ಸುಡುನೀರು ಹೊಯ್ದು, ಕಡಲೆಹಿಟ್ಟಿನಲ್ಲಿ ತಿಕ್ಕಿ ಸ್ನಾನ ಮಾಡಿಸುವುದು ನಿಮ್ಮ ಪ್ರೀತಿ. ಆದರೆ ಕಜ್ಜಿ ಇರುವ ಮಗುವಿಗೆ ಸುಡುನೀರೂ ಹಿಟ್ಟಿನ ತಿಕ್ಕಾಟವೂ ಹಂಚನ್ನು ಇನ್ನಷ್ಟು ಸರಿಸುತ್ತವೆ. ಉಗುರು ಬೆಚ್ಚನೆ ನೀರು, ಐದು-ಹತ್ತು ನಿಮಿಷದ ಸ್ನಾನ. ಮೈ ಒತ್ತಿ ಒರೆಸಿ, ಹಸಿ ಇರುವಾಗಲೇ ಡಾಕ್ಟರು ಹೇಳಿದ ಕ್ರೀಮನ್ನು ದಪ್ಪವಾಗಿ ಹಚ್ಚಿ. ದಿನಾ, ಎರಡು ಸಲ. ತುರಿಕೆ ಇಲ್ಲದ ದಿನವೂ. ಮದ್ದಿನಂಗಡಿಯಲ್ಲಿ ಹುಳಕಡ್ಡಿಗೆ ಅಂತ ಕೊಡುವ ಮೂರು ಮದ್ದು ಬೆರೆಸಿದ ಟ್ಯೂಬನ್ನು ಮಾತ್ರ ಹಚ್ಚಬೇಡಿ. ಎರಡು ದಿನ ಚಂದ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ.

ಈಗ ಮೂಗು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ದಮ್ಮಿನ ಒಬ್ಬ ಹುಡುಗಿ ಬರುತ್ತಿದ್ದಳು. ಎಂಟು ವರ್ಷ. ಪಫ್, ಅಂದರೆ ಬಾಯಿಯಿಂದ ಒಳಗೆ ಎಳೆದುಕೊಳ್ಳುವ ಇನ್‌ಹೇಲರ್ ಮದ್ದು, ಸರಿಯಾಗಿ ತೆಗೆದುಕೊಳ್ಳುತ್ತಿದ್ದಳು. ಆದರೂ ರಾತ್ರಿ ಕೆಮ್ಮು ನಿಲ್ಲಲಿಲ್ಲ. ನಾನು ಡೋಸ್ ಏರಿಸಿದೆ. ಮತ್ತೊಮ್ಮೆ ಏರಿಸಿದೆ. ಒಂದು ದಿನ ಹಿರಿಯ ಡಾಕ್ಟರೊಬ್ಬರು ಪಕ್ಕದಲ್ಲಿದ್ದರು. ಅವಳ ಅಮ್ಮನ ಹತ್ತಿರ ಒಂದೇ ಪ್ರಶ್ನೆ ಕೇಳಿದರು: "ಇವಳು ಬಾಯಿ ತೆರೆದು ಮಲಗುತ್ತಾಳಾ?" ಹೌದು ಎಂದರು ಆ ತಾಯಿ, ಗೊರಕೆಯೂ ಇದೆ ಎಂದರು. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಮೂಗಿಗೆ ಸ್ಪ್ರೇ ಶುರು ಮಾಡಿದೆವು. ಕೆಲವು ವಾರಗಳಲ್ಲಿ ಕೆಮ್ಮು ಇಳಿಯಿತು. ಏರಿಸಿದ ಡೋಸನ್ನು ಇಳಿಸಿದೆವು. ಆ ಮಗು ಬೇಡದ ಮದ್ದನ್ನು ಅಷ್ಟು ದಿನ ತೆಗೆದುಕೊಂಡಳಲ್ಲ ಎಂಬ ನೋವು ನನ್ನಲ್ಲಿ ಇವತ್ತಿಗೂ ಇದೆ.

ಮೂಗಿನಿಂದ ಶ್ವಾಸಕೋಶದವರೆಗೆ ಇರುವುದು ಒಂದೇ ದಾರಿ. 2001ರಲ್ಲಿ ಪ್ರಕಟವಾದ, ಅರಿಯಾ ಎಂದು ಕರೆಯುವ ಅಂತಾರಾಷ್ಟ್ರೀಯ ಮಾರ್ಗಸೂಚಿ ಈ ಮಾತನ್ನು ಒತ್ತಿ ಹೇಳಿತು. ದಮ್ಮು ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗಿನ ಅಲರ್ಜಿ ಇರುವವರಲ್ಲಿ ಶೇಕಡ 10ರಿಂದ 40 ಮಂದಿಗೆ ದಮ್ಮು ಇರುತ್ತದೆ. ಮೂಗು ಮಾಡುವ ಕೆಲಸ ಸಣ್ಣದಲ್ಲ. ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ ಒಳಗೆ ಕಳಿಸುತ್ತದೆ. ಮೂಗು ಕಟ್ಟಿದ ಮಗು ಬಾಯಿಯಲ್ಲಿ ಉಸಿರಾಡುತ್ತದೆ. ಸೋಸದ ತಣ್ಣನೆ ಗಾಳಿ ನೇರ ಕೆಳಗೆ ಇಳಿಯುತ್ತದೆ.

ಮಗುವಿನ ಮುಖ ನೋಡಿದರೇ ಗೊತ್ತಾಗುತ್ತದೆ. ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಇರುತ್ತದೆ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆ. ಕಣ್ಣಿನ ಕೆಳಗೆ ಕಪ್ಪು. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು. ಕ್ಲಾಸಿನಲ್ಲಿ ಕರೆದರೆ ಕೇಳುವುದಿಲ್ಲ. ಟೀಚರುಗಳೇ, ಅಂಥ ಮಗುವನ್ನು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿ. ಮೂಗಿನ ಹಿಂದೆ ಊತ ಇದ್ದರೆ ಕಿವಿಯ ಪರದೆಯ ಹಿಂದೆ ನೀರು ನಿಲ್ಲುವುದುಂಟು. ನಮ್ಮಲ್ಲಿ ಇದಕ್ಕೆಲ್ಲ "ಶೀತ ಪ್ರಕೃತಿ" ಎಂದು ಹೆಸರಿಟ್ಟು ಸುಮ್ನೆ ಬಿಡುತ್ತೇವೆ. ಬಾಳೆಹಣ್ಣು, ಮೊಸರು, ಬೊಂಡದ ನೀರು ನಿಲ್ಲಿಸುತ್ತೇವೆ. ತಿಂಗಳುಗಟ್ಟಲೆ ಜ್ವರವಿಲ್ಲದೆ ಸೀನುವ ಮಗುವಿಗೆ ಇರುವುದು ಶೀತವಲ್ಲ. ಬಾಳೆಹಣ್ಣು ನಿಲ್ಲಿಸಿದರೆ ಅದು ಹೋಗುವುದಿಲ್ಲ.

ಮೂಗಿನ ಸ್ಪ್ರೇ ಕೊಡುವಾಗ ಒಂದು ವಿಷಯ. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಸ್ಪ್ರೇಯ ಮೂತಿ ಮೂಗಿನ ನಡುವಿನ ಗೋಡೆಗೆ ತಾಗದೆ, ಹೊರಗಿನ ಕಡೆಗೆ, ಕಣ್ಣಿನ ಹೊರಮೂಲೆಯ ದಿಕ್ಕಿಗೆ ಇರಬೇಕು. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ, ಹೆದರಿ ನಿಲ್ಲಿಸಿಬಿಡುತ್ತೀರಿ. ಇದು ಒಂದೇ ದಿನದಲ್ಲಿ ಕೆಲಸ ಮಾಡುವ ಮದ್ದಲ್ಲ. ಒಂದೆರಡು ವಾರ ತಾಳ್ಮೆ ಬೇಕು. ಇನ್ನು ಕೂಸಿನ ಮೂಗಿಗೆ ಎಣ್ಣೆ ಬಿಡುವ ಕ್ರಮ ದಯವಿಟ್ಟು ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡುವುದೂ ಬೇಡ. ಸುಟ್ಟುಕೊಂಡ ಮಕ್ಕಳನ್ನು ನೋಡಿದ್ದೇನೆ.

ಕಣ್ಣಿನ ಬಗ್ಗೆ ಎರಡೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ತುರಿಸಿ ಕೆಂಪಾದ ಕಣ್ಣಿಗೆ ಸ್ಟಿರಾಯ್ಡ್ ಹನಿ ಹಾಕಿದರೆ ಕೂಡಲೇ ಹಾಯೆನಿಸುತ್ತದೆ. ಅದೇ ಬಾಟಲಿಯನ್ನು ಮತ್ತೆ ಮತ್ತೆ ಅಂಗಡಿಯಿಂದ ತಂದು ಹಾಕಿದರೆ ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು, ಪೊರೆಯೂ ಬರಬಹುದು. ಕಣ್ಣಿನ ಡಾಕ್ಟರು ಹೇಳಿದಷ್ಟೇ ದಿನ ಹಾಕಿ. ಮಗು ಕಣ್ಣು ಉಜ್ಜದ ಹಾಗೆ ನೋಡಿಕೊಳ್ಳಿ. ತಣ್ಣೀರಿನ ಬಟ್ಟೆ ಇಡಿ.

ಇನ್ನು ನಮ್ಮ ಮನೆಗಳು. ಈ ಕರಾವಳಿಯ ತೇವ ನಮಗೆ ಅನ್ನ ಕೊಡುತ್ತದೆ, ಅಡಕೆ ತೆಂಗು ಕೊಡುತ್ತದೆ. ಅದೇ ತೇವ ಧೂಳಿನ ನುಸಿಗೂ ಇಷ್ಟ. ಸುಮಾರು 0.3 ಮಿಲಿಮೀಟರ್ ಉದ್ದದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಅದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ, ದಿಂಬಿನೊಳಗೆ ಬದುಕುತ್ತದೆ. ಕಚ್ಚುವುದಿಲ್ಲ. ಅದರ ಹಿಕ್ಕೆಯೇ ತೊಂದರೆ. ಹಾಗಾಗಿ ಮಗುವಿನ ಹಾಸಿಗೆಯಿಂದ ಶುರು ಮಾಡಿ. ಹತ್ತು ವರ್ಷದ ಹಳೆಯ ಹತ್ತಿ ದಿಂಬನ್ನು ಬಿಡಿ. ಹಾಸು, ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನೀರು 60 ಡಿಗ್ರಿಯಾದರೂ ಬಿಸಿ ಇರಬೇಕು, ಅಂದರೆ ಕೈ ಇಡಲಾಗದಷ್ಟು. ಬಿಸಿಲು ಇರುವ ದಿನ ಹಾಸಿಗೆಯನ್ನು ಅಂಗಳದಲ್ಲಿ ಒಣಗಿಸಿ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬಂದ ಕೋಣೆಯಲ್ಲಿ ದಮ್ಮಿನ ಮಗುವನ್ನು ಮಲಗಿಸಬೇಡಿ.

ಅಡಕೆ ಸುಲಿಯುವ ಜಾಗ, ಹಳೆಯ ಅಡಕೆ ಕೂಡಿಟ್ಟ ಅಟ್ಟ, ಗುಡಿಸುವ ಹೊತ್ತು, ಇವುಗಳಿಂದಲೂ ಮಗು ದೂರ ಇರಲಿ. ಎಲ್ಲಕ್ಕಿಂತ ಹೆಚ್ಚು ಹೊಗೆ. ತೆಂಗಿನ ಸಿಪ್ಪೆ, ಸೋಗೆ ಉರಿಸುವ ಬಚ್ಚಲಿನ ಒಲೆ, ಕೂಸಿನ ತಲೆಗೆ ಹಾಕುವ ಸಾಂಬ್ರಾಣಿ, ಸೊಳ್ಳೆ ಬತ್ತಿ, ಅಪ್ಪನ ಬೀಡಿ. ಹೊಗೆಗೆ ಅಲರ್ಜಿ ಎಂಬ ಹೆಸರು ಇಲ್ಲದಿರಬಹುದು. ಆದರೆ ಊದಿಕೊಂಡ ಶ್ವಾಸನಾಳಕ್ಕೆ ಅದು ಗಾಯದ ಮೇಲೆ ಉಪ್ಪು. ಬೀಡಿ ಸೇದಿದ ಅಪ್ಪ ಜಗಲಿಯಲ್ಲೇ ಸೇದಿ ಒಳಗೆ ಬಂದರೂ ಅಂಗಿಯಲ್ಲಿ ಹೊಗೆ ಬರುತ್ತದೆ.

ಕೊನೆಯದಾಗಿ, ನನಗೆ ಹೆಚ್ಚು ಹೆದರಿಕೆ ತರುವ ಜೋಡಿ. ದಮ್ಮು ಮತ್ತು ಆಹಾರದ ಅಲರ್ಜಿ.

ಮೊದಲು ಅಲರ್ಜಿ ಅಲ್ಲದ್ದನ್ನು ಬದಿಗಿಡೋಣ. ಪತ್ರೊಡೆ ತಿಂದು ಗಂಟಲು ತುರಿಸಿದರೆ ಅದು ಕೆಸುವಿನ ಎಲೆಯೊಳಗಿನ ಸೂಜಿಯಂಥ ಹರಳಿನಿಂದ, ಹುಳಿ ಸಾಲದೆ ಹೋದರೆ ಎಲ್ಲರಿಗೂ ತುರಿಸುತ್ತದೆ. ಗೇರುಬೀಜ ಸುಡುವಾಗ ಸೊನೆ ತಾಗಿ ಚರ್ಮ ಸುಟ್ಟರೆ ಅದೂ ಬೇರೆ. ಆದರೆ ಗೇರುಬೀಜದ ತಿರುಳು ಒಂದು ಚೂರು ತಿಂದ ಮಗುವಿಗೆ ನಿಮಿಷಗಳಲ್ಲಿ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ವಾಂತಿಯಾದರೆ ಅದು ನಿಜವಾದ ಅಲರ್ಜಿ. ಸಿಗಡಿ, ಏಡಿಯೂ ಹಾಗೆ. ಸಿಗಡಿಯಲ್ಲಿರುವ ಒಂದು ಪ್ರೊಟೀನು ಧೂಳಿನ ನುಸಿಯಲ್ಲಿರುವುದನ್ನು ಹೋಲುತ್ತದೆ. ಹಾಗಾಗಿ ನುಸಿಯ ಅಲರ್ಜಿ ಇರುವ ಕೆಲವರಿಗೆ ಸಿಗಡಿಯೂ ಆಗುವುದಿಲ್ಲ.

ಇಂಥ ಮಗುವಿಗೆ ಉಸಿರು ಕಟ್ಟಿದಾಗ ಮನೆಯವರು "ದಮ್ಮು ಬಂತು" ಎಂದು ಪಫ್ ಮಾತ್ರ ಕೊಟ್ಟು ಕಾಯುತ್ತಾರೆ. ಅಲ್ಲೇ ಅಪಾಯ ಇರುವುದು. ಏನಾದರೂ ತಿಂದ ಮೇಲೆ ದದ್ದು, ತುಟಿ-ನಾಲಿಗೆ ಊತ, ದನಿ ಒಡೆಯುವುದು, ವಾಂತಿ, ತಲೆಸುತ್ತು, ಇದರ ಜೊತೆಗೆ ಉಸಿರು ಕಟ್ಟಿದರೆ ಅದು ಬರೀ ದಮ್ಮಲ್ಲ. ಅದಕ್ಕೆ ಅನಫಿಲ್ಯಾಕ್ಸಿಸ್ ಎಂದು ಹೆಸರು. ಮೊದಲ ಮದ್ದು ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುವುದು. ಅಲರ್ಜಿ ಮಾತ್ರೆ ಸಾಕಾಗುವುದಿಲ್ಲ. ಮಂಗಳೂರು ಕಾಸರಗೋಡಿನಿಂದ 50 ಕಿಲೋಮೀಟರ್. ಅಲ್ಲಿಗೆ ಓಡಬೇಡಿ. ಹತ್ತಿರದಲ್ಲಿ ತೆರೆದಿರುವ ಆಸ್ಪತ್ರೆಗೆ, ಸಣ್ಣದಾದರೂ ಸರಿ, ಹೋಗಿ "ಅಲರ್ಜಿ, ಉಸಿರು ಕಟ್ಟುತ್ತಿದೆ" ಎಂದು ಹೇಳಿ. ಮಗುವನ್ನು ನಿಲ್ಲಿಸಬೇಡಿ, ನಡೆಸಬೇಡಿ. ಮಲಗಿಸಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ.

2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದು ನಿಮಗೆ ನೆನಪಿದೆ. ಆಂಬುಲೆನ್ಸೂ ದಾಟಲಾಗದೆ ನಿಂತ ದಿನಗಳು. ಆಗ ನನಗೆ ಫೋನು ಮಾಡಿದ ಎಷ್ಟೋ ಮನೆಗಳಲ್ಲಿ ಮಗುವಿನ ಪಫ್ ಮುಗಿದಿತ್ತು, ಚೀಟಿ ಮಂಗಳೂರಿನ ಫೈಲಿನಲ್ಲಿತ್ತು. ಅವತ್ತಿನಿಂದ ನಾನು ಪ್ರತಿಯೊಬ್ಬರ ಹತ್ತಿರವೂ ಒಂದು ಸಣ್ಣ ಪುಸ್ತಕ ಮಾಡಿಸುತ್ತೇನೆ. ಇನ್ನೂರು ಪುಟದ್ದು ಬೇಡ, ಮಕ್ಕಳ ಕಾಪಿ ಪುಸ್ತಕ ಸಾಕು. ಮೊದಲ ಪುಟದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ: ಮಗುವಿಗೆ ದಮ್ಮು ಇದೆ, ಮೂಗಿನ ಅಲರ್ಜಿ ಇದೆ, ಇಂಥ ಆಹಾರ ಆಗುವುದಿಲ್ಲ, ಈಗ ಕೊಡುತ್ತಿರುವ ಮದ್ದು ಇವು. ಯಾವ ಡಾಕ್ಟರ ಹತ್ತಿರ ಹೋದರೂ ಆ ಪುಸ್ತಕವನ್ನೇ ಮುಂದಿಡಿ.

ಈಗ ಪ್ರಶ್ನೆಗಳು.

ಒಬ್ಬ ತಂದೆ ಕೇಳಿದರು: "ಡಾಕ್ಟ್ರೇ, ಪಫ್ ಅಭ್ಯಾಸ ಆಗಿಬಿಡುವುದಿಲ್ಲವೇ? ಸಿರಪ್ ಒಳ್ಳೆಯದಲ್ಲವೇ?"

ಲೆಕ್ಕ ಹಾಕಿ ನೋಡೋಣ. ದಮ್ಮು ಬಿಡಿಸುವ ಸಾಲ್ಬ್ಯುಟಮಾಲ್ ಪಫ್ ಒಂದರಲ್ಲಿ ಇರುವುದು 100 ಮೈಕ್ರೋಗ್ರಾಮ್. ಅದೇ ಮದ್ದಿನ ಸಿರಪ್ ಒಂದು ಚಮಚದಲ್ಲಿ, ಅಂದರೆ 5 ಮಿಲಿಯಲ್ಲಿ, 2 ಮಿಲಿಗ್ರಾಮ್. ಇಪ್ಪತ್ತು ಪಟ್ಟು. ಸಿರಪ್ ಇಡೀ ಮೈಗೆ ಹೋಗಿ, ಎದೆ ಡವಗುಟ್ಟಿಸಿ, ಕೈ ನಡುಗಿಸಿ, ಆಮೇಲೆ ಶ್ವಾಸಕೋಶಕ್ಕೆ ತಲುಪುತ್ತದೆ. ಪಫ್ ನೇರ ಹೋಗುತ್ತದೆ. ಸ್ಪೇಸರ್ ಎಂಬ ಡಬ್ಬಿಯ ಮೂಲಕ ಕೊಡಿ. ದಿನಾ ಕೊಡುವ ಸ್ಟಿರಾಯ್ಡ್ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಲು ಹೇಳಿ. ಇದು ಚಟವಾಗುವ ಮದ್ದಲ್ಲ.

ಇನ್ನೊಬ್ಬರು: "ರಕ್ತ ಪರೀಕ್ಷೆ ಮಾಡಿಸಿದೆವು. ಮೂವತ್ತು ವಸ್ತುಗಳಿಗೆ ಅಲರ್ಜಿ ಅಂತ ಬಂದಿದೆ. ಅಕ್ಕಿಯೂ ಇದೆ. ಏನು ತಿನ್ನಿಸುವುದು?"

ಮಗು ಅನ್ನ ತಿಂದರೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ ಎಂದರು. ಹಾಗಾದರೆ ಅನ್ನ ಕೊಡಿ. ಕಾಗದದಲ್ಲಿ ಬಂದದ್ದೆಲ್ಲ ಅಲರ್ಜಿಯಲ್ಲ. ತಿಂದಾಗ ತೊಂದರೆಯಾಗಬೇಕು, ಆಗ ಪರೀಕ್ಷೆ ಅದನ್ನು ಖಚಿತ ಮಾಡಲು ನೆರವಾಗುತ್ತದೆ. ಐಜಿಜಿ ಎಂಬ ಪರೀಕ್ಷೆಯಂತೂ ಆಹಾರದ ಅಲರ್ಜಿಗೆ ಉಪಯೋಗವಿಲ್ಲ. ಇಂಥ ಪಟ್ಟಿ ನಂಬಿ ಹಾಲು, ಮೊಟ್ಟೆ, ಗೋಧಿ, ಬೇಳೆ ಎಲ್ಲ ನಿಲ್ಲಿಸಿ ಮಗು ಸೊರಗಿದ್ದನ್ನು ಕಂಡಿದ್ದೇನೆ. ಬೆಳೆಯುವ ಮಗುವಿನ ತಟ್ಟೆಯಿಂದ ಸುಮ್ನೆ ಏನನ್ನೂ ತೆಗೆಯಬೇಡಿ.

ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಇದೆಲ್ಲ ಎಂಡೋಸಲ್ಫಾನಿನಿಂದ ಅಲ್ಲವೇ?" ಎಂದು ಕೇಳಿದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಗೇರು ತೋಟಗಳ ಮೇಲೆ ಆ ಕೀಟನಾಶಕ ಸುರಿಯುತ್ತಾ ಹೆಲಿಕಾಪ್ಟರ್ ಹಾರಿದ್ದನ್ನು ಕಂಡವರು ಅಲ್ಲಿದ್ದರು. ಸುಪ್ರೀಂ ಕೋರ್ಟು ಅದನ್ನು 2011ರಲ್ಲಿ ನಿಷೇಧಿಸುವ ಹೊತ್ತಿಗೆ ಈ ಊರುಗಳ ಮನೆಗಳು ಅನುಭವಿಸಿದ್ದನ್ನು ನಾನು ಹೇಳಬೇಕಾಗಿಲ್ಲ. ನಾನು ಇಷ್ಟೇ ಹೇಳಿದೆ: ಆ ನೋವು ನಿಜ, ಆ ಹೆದರಿಕೆಗೆ ಕಾರಣವೂ ಇದೆ. ಆದರೆ ದಮ್ಮು, ಮೂಗಿನ ಅಲರ್ಜಿ ಆ ವಿಷ ಎಂದೂ ಬೀಳದ ಊರಿನ ಮಕ್ಕಳಿಗೂ ಬರುತ್ತದೆ. ನಿಮ್ಮ ಮೊಮ್ಮಗುವಿಗೆ ಬಂದಿರುವುದಕ್ಕೆ ಮದ್ದಿದೆ. ಹಿಂದಿನದನ್ನು ನೆನೆದು "ಇದು ನಮ್ಮ ಹಣೆಬರಹ" ಎಂದು ಅವನ ಮದ್ದು ನಿಲ್ಲಿಸಬೇಡಿ. ಅವರು ತಲೆಯಾಡಿಸಿ ಕುಳಿತರು.

ಕೊನೆಗೆ ಒಬ್ಬ ತಾಯಿ, ಸಂಕೋಚದಿಂದ: "ಮಗಳು ಯಕ್ಷಗಾನ ಕಲಿಯುತ್ತಿದ್ದಾಳೆ. ಗಿರಕಿ ಹೊಡೆದು ದಿಗಿಣ ಹಾಕಿದರೆ ಕೆಮ್ಮು ಬರುತ್ತದೆ. ಬಿಡಿಸಿಬಿಡಬೇಕಾ?"

ಬೇಡ ಅಮ್ಮಾ, ಬಿಡಿಸಬೇಡಿ. ಆ ಹುಡುಗಿ ಅಮ್ಮನ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದಳು. ದಿನದ ಮದ್ದು ಸರಿಯಾಗಿ ಹೋಗುತ್ತಿದ್ದರೆ ಕುಣಿಯಲು ತೊಂದರೆಯಿಲ್ಲ. ಡಾಕ್ಟರು ಒಪ್ಪಿದರೆ ಕುಣಿಯುವ ಹತ್ತು-ಹದಿನೈದು ನಿಮಿಷ ಮೊದಲು ಸಾಲ್ಬ್ಯುಟಮಾಲ್ ಪಫ್ ಕೊಡಿ. ಪ್ರತಿ ಸಲವೂ ಅದು ಬೇಕಾಗುತ್ತಿದ್ದರೆ ದಿನದ ಮದ್ದು ಸಾಲುತ್ತಿಲ್ಲ ಎಂದು ಅರ್ಥ, ಬಂದು ತೋರಿಸಿ. ಮುಖದಲ್ಲಿ ಕಜ್ಜಿ ಕೆರಳಿರುವ ದಿನ ಬಣ್ಣ ಹಚ್ಚುವುದು ಬೇಡ. ವೇಷ ಕಟ್ಟುವ ಚೌಕಿಯಲ್ಲಿ ಧೂಪದ ಹೊಗೆ ಇದ್ದರೆ ಸ್ವಲ್ಪ ದೂರ ಕೂರಿಸಿ. ಸಾಲ್ಬ್ಯುಟಮಾಲಿನ ಆ ನೀಲಿ ಪಫ್ ಅವಳ ಗೆಜ್ಜೆಯ ಚೀಲದಲ್ಲೇ ಇರಲಿ, ಭಾಗವತರಿಗೂ ಒಂದು ಮಾತು ಹೇಳಿಡಿ.